ಅಕ್ಕನ ಮೇಡಂ

ಮಗುವನ್ನು ಮುಟ್ಟುವ ಮೊದಲು ಅವರು ತಮ್ಮ ಎರಡೂ ಅಂಗೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ಕಾವಿಗೆ ಕೂತ ಕೋಳಿಯ ಹಾಗೆ ಎರಡು ನಿಮಿಷ ಕೂರುತ್ತಿದ್ದರು. ಕೈ ಬೆಚ್ಚಗಾಗಬೇಕು. ತಣ್ಣನೆಯ ಕೈ ತಗುಲಿದರೆ ಬಿಗಿದ ಕಾಲು ಇನ್ನೂ ಬಿಗಿಯುತ್ತದೆ ಎನ್ನುವುದು ಅವರ ಮಾತು. ಯಾರ ಯಾರದೋ ಮಕ್ಕಳ ಹಿಮ್ಮಡಿಯನ್ನು ವರ್ಷಗಟ್ಟಲೆ ಒತ್ತಿ ಒತ್ತಿ ಬಲಗೈಯ ಹೆಬ್ಬೆರಳು ಹಿಂದಕ್ಕೆ ಬಾಗಿ, ಹಾಗೇ ನಿಂತುಬಿಟ್ಟಿತ್ತು. ಆ ಕೈಗಳು ಬೆಚ್ಚಗಾಗುತ್ತಿದ್ದದ್ದು ನನಗಾಗಿ ಅಲ್ಲ, ನನ್ನ ಅಕ್ಕನಿಗಾಗಿ. ನಾನು ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದೆ.

ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಬಹುಮಾನ ತಂದವಳು ನಾನು; ಯಾವ ವಿಷಯ ಕೊಟ್ಟರೂ ಎರಡು ಕಡೆಯನ್ನೂ ಹಿಡಿಯಬಲ್ಲೆ. ಮೇಡಂ ವಿಷಯಕ್ಕೆ ಬಂದರೆ ಮಾತ್ರ ನನಗಿರುವುದು ಒಂದೇ ಕಡೆ. ಅಕ್ಕನ ಮೇಲೆ ನನಗೆ ಹೊಟ್ಟೆಕಿಚ್ಚು. ಬುದ್ಧಿ ಬಂದಾಗಿನಿಂದ ಇದೆ, ಈಗಲೂ ಪೂರ್ತಿ ಆರಿಲ್ಲ.

ಊರಿನವರು ಅವರನ್ನು ‘ಕಾಲು ಮೇಡಂ’ ಎನ್ನುತ್ತಿದ್ದರು. ನಡೆಯಲಾರದ ಮಕ್ಕಳಿರುವ ಮನೆಗಳಿಗೆ ಹೋಗಿ, ಕೈಕಾಲಿಗೆ ವ್ಯಾಯಾಮ ಮಾಡಿಸಿ, ತಾಯಂದಿರಿಗೂ ಕಲಿಸಿ ಬರುವುದು ಅವರ ಕೆಲಸ. ಒಂದು ಸಂಸ್ಥೆ ಬೆಂಗಳೂರಿನಲ್ಲಿ ಕೆಲವು ತಿಂಗಳು ತರಬೇತಿ ಕೊಡಿಸಿ, ಕೈಗೊಂದು ಬಟ್ಟೆಯ ಚೀಲ ಕೊಟ್ಟು ಕಳಿಸಿತ್ತು. ಡಿಗ್ರಿ ಗಿಗ್ರಿ ಇರಲಿಲ್ಲ. ಮನೆ ಉರಿಗಾಂನಲ್ಲಿ, ಚಿನ್ನದ ಗಣಿಯ ಕೂಲಿಗಳಿಗೆ ಕಟ್ಟಿದ ಸಾಲುಮನೆಗಳ ಲೈನಿನಲ್ಲಿ. ಅವರ ಅಪ್ಪ ಅಲ್ಲಿನ ನಂದಿದುರ್ಗ ಎಂಬ ಗಣಿಯಲ್ಲಿ ನೆಲದಡಿ ದುಡಿದವರು. ಗಣಿ ಮುಚ್ಚಿದ ಮೇಲೆ ಸಂಸಾರ ಎಳೆದದ್ದು ಈ ಮಗಳೇ. ಬುಧವಾರ, ಶನಿವಾರ ಬೆಳಗಿನ ರೈಲಿಗೆ ಬಂಗಾರಪೇಟೆಗೆ ಬಂದು, ಅಲ್ಲಿಂದ ಶೇರ್ ಆಟೋದಲ್ಲಿ ಮುಖ್ಯರಸ್ತೆಯ ಮೇಲಿನ ನಮ್ಮೂರ ಗೇಟಿನಲ್ಲಿ ಇಳಿದು, ನೀಲಗಿರಿ ತೋಪಿನ ಪಕ್ಕದ ದಾರಿಯಲ್ಲಿ ನಡೆದು ಬರುವರು. ಸೀರೆಯ ಅಂಚಿಗೆಲ್ಲ ಕೆಂಪು ಧೂಳು. ಮೂರು ಸೀಮೆಹಸು ಕಟ್ಟಿಕೊಂಡು ದಿನಕ್ಕೆರಡು ಸಲ ಡೈರಿಗೆ ಹಾಲು ಹಾಕುವ ಮನೆ ನಮ್ಮದು. ಸಗಣಿ ತುಳಿಯದೆ ಒಳಗೆ ಬರುವ ದಾರಿಯೇ ಇರಲಿಲ್ಲ. ಅವರು ಮೂಗು ಮುಚ್ಚಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ಅಕ್ಕ ಮತ್ತು ನಾನು ಅವಳಿಗಳು. ಏಳು ತಿಂಗಳು ತುಂಬುವುದರೊಳಗೆ ಹುಟ್ಟಿಬಿಟ್ಟೆವು. ಇಬ್ಬರನ್ನೂ ಸೇರಿಸಿ ತಕ್ಕಡಿಗಿಟ್ಟರೂ ಒಂದು ಒಳ್ಳೆಯ ಕುಂಬಳಕಾಯಿಯ ತೂಕ ಬರುತ್ತಿರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರಂತೆ. ನಾಲ್ಕನೆಯ ದಿನ ನೆತ್ತಿಯ ಮೆತ್ತನೆಯ ಜಾಗದ ಮೇಲೆ ಯಂತ್ರದ ತುದಿ ಇಟ್ಟು ಇಬ್ಬರ ಮೆದುಳನ್ನೂ ಸ್ಕ್ಯಾನ್ ಮಾಡಿ, ಎರಡು ಕಂದು ಕವರಿನಲ್ಲಿ ಎರಡು ಫಿಲ್ಮ್ ಕೊಟ್ಟರು. ಬಿಡುಗಡೆಯ ದಿನ ಡಾಕ್ಟರು ಅಪ್ಪನನ್ನು ಕರೆದು, ಮೊದಲನೆಯ ಮಗುವಿನ ಮೆದುಳಿನೊಳಗೆ ಸ್ವಲ್ಪ ರಕ್ತ ಸೋರಿದೆ, ಎರಡನೆಯದರ ಚಿತ್ರ ಸದ್ಯಕ್ಕೆ ಸ್ವಚ್ಛವಾಗಿದೆ, ಆದರೂ ಇಬ್ಬರನ್ನೂ ಆರು ವಾರಕ್ಕೆ ಮತ್ತೆ ಕರೆತನ್ನಿ ಎಂದರಂತೆ. ಅಪ್ಪ ಮನೆಗೆ ಬಂದು ಹೇಳಿದ್ದು ಇಷ್ಟು: “ದೊಡ್ಡದ್ರ ತಲೇಲಿ ರಕ್ತ ಐತಂತೆ. ಚಿಕ್ಕದು ಸಂದಾಕೈತೆ.”

ಆರು ವಾರಕ್ಕೆ ಕರೆದುಕೊಂಡು ಹೋದದ್ದು ಅಕ್ಕನನ್ನು ಮಾತ್ರ. ಇಬ್ಬರನ್ನೂ ಹೊತ್ತು ಬಸ್ಸು ಹತ್ತುವವರು ಯಾರು, ಹಸು ಕರೆಯುವವರು ಯಾರು? ಚೆನ್ನಾಗಿರುವುದಕ್ಕೆ ಆಸ್ಪತ್ರೆ ಯಾಕೆ? ಅಲ್ಲಿಂದ ಸಂಸ್ಥೆಯ ವಿಳಾಸ ಸಿಕ್ಕಿ, ಅಕ್ಕನಿಗೆ ಮೂರು ತಿಂಗಳಾಗುವಾಗ ಮೇಡಂ ನಮ್ಮ ಮನೆಗೆ ಬರತೊಡಗಿದರು. ಹದಿನಾರು ವರ್ಷ ಬಂದರು.

ಅಜ್ಜಿಗೂ ಅವರಿಗೂ ಮೊದಲ ದಿನದಿಂದಲೇ ಆಗಲಿಲ್ಲ. ಅಜ್ಜಿಯದು ಅರ್ಧ ತೆಲುಗು ಬೆರೆತ ಕನ್ನಡ, ಮೇಡಂದು ಅರ್ಧ ತಮಿಳು ಬೆರೆತದ್ದು. ಎರಡೂ ಸೇರಿ ಜಗಳ ಶುರುವಾದರೆ ಪಕ್ಕದ ಮನೆಯವರು ಕೆಲಸ ಬಿಟ್ಟು ಗೋಡೆಗೊರಗಿ ನಿಲ್ಲುತ್ತಿದ್ದರು.

“ಏನಮ್ಮಾ ಮೇಡಮ್ಮ, ಮಗೀನ ಕಾಲ್ ಮುರ್ದಾಕಕ್ಕೆ ಅಲ್ಲಿಂದ ರೈಲತ್ಕೊಂಡ್ ಬತ್ತೀಯಾ? ಚಾಲು, ಸಾಕು ಬುಟ್ಬುಡು.”

“ಮುರೀತಾ ಇಲ್ಲ ಅಜ್ಜಿ, ಎಳೀತಾ ಇದೀನಿ. ನೀವ್ ಹೋಗಿ ಹಸೂಗೆ ಮೇವಾಕಿ, ಅದಾದ್ರೂ ಹಾಲ್ ಕೊಡತ್ತೆ. ಇಲ್ಲಿ ನಿಂತ್ರೆ ನೀವೂ ಕೊಡಲ್ಲ, ನಾನೂ ಕೊಡಲ್ಲ.”

ಮುದ್ದಿಗೆ ಮಕ್ಕಳನ್ನು ತಮಿಳಿನವರ ಹಾಗೆ ‘ಕಣ್ಣು’ ಎನ್ನುತ್ತಿದ್ದರು; ಕಾಲು ಎಳೆಯುವಾಗ ತಮಿಳಿನಲ್ಲೇ ಎಣಿಸುತ್ತಿದ್ದರು. ಒಣ್ಣು, ರೆಂಡು, ಮೂಣು. ಅಕ್ಕ ಮೊದಲು ಕಲಿತ ಎಣಿಕೆ ಅದೇ, ಅಂಗನವಾಡಿಯಲ್ಲಿ ಬೈಸಿಕೊಂಡಳು. ಸಾಮಾನು ಕೊಂಡುಕೊಳ್ಳಿ ಎಂದು ಅಪ್ಪನಿಗೆ ಅವರು ಒಂದು ದಿನವೂ ಹೇಳಲಿಲ್ಲ. ತೋಪಿನಿಂದ ಎರಡು ನೀಲಗಿರಿ ಗಳ ತರಿಸಿ, ಅಂಗಳದಲ್ಲಿ ಅಕ್ಕನ ಸೊಂಟದೆತ್ತರಕ್ಕೆ ಕಟ್ಟಿಸಿ, ನಡುವೆ ನಿಲ್ಲಿಸಿದರು. ಹಳೆಯ ಬೇರಿಂಗ್ ಚಕ್ರ ಹಾಕಿದ ಹಲಗೆಯ ಮೇಲೆ ಮರಳು ತುಂಬಿದ ಹಾಲಿನ ಕ್ಯಾನು ಇಟ್ಟು, ಅದನ್ನೇ ತಳ್ಳಿಕೊಂಡು ನಡೆ ಎಂದರು. ಅಕ್ಕನ ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಹೋಗುತ್ತಿದ್ದವು. ನಡುವೆ ತಮ್ಮ ಪಾದ ಇಟ್ಟು, ಬೆನ್ನ ಹಿಂದೆ ಬಗ್ಗಿಕೊಂಡು, ಇಡೀ ಅಂಗಳ ಅವಳ ಜೊತೆ ಕಪ್ಪೆಯಂತೆ ಹೋಗುವರು. ಯಾರಾದರೂ ನಕ್ಕರೆ ತಾವೇ ಇನ್ನೂ ಜೋರಾಗಿ ನಗುವರು.

ನೆಂಟರು ಬಂದಾಗಲೆಲ್ಲ ಅಜ್ಜಿ ಪೆಟ್ಟಿಗೆಯಿಂದ ಆ ಕಂದು ಕವರು ತೆಗೆದು, ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, “ನೋಡಿ, ಇಲ್ಲೈತೆ ನೋಡಿ ಕರೀದು” ಎಂದು ತೋರಿಸುವಳು. ನಿಜಕ್ಕೂ ರಕ್ತ ಕಾಣುವುದು ಬಿಳಿಯಾಗಿ, ಅಜ್ಜಿ ತೋರಿಸುತ್ತಿದ್ದದ್ದು ಬೇರೇನನ್ನೋ. ಅದು ನನಗೆ ಆಮೇಲೆ ತಿಳಿದದ್ದು. ನೆಂಟರು ತಲೆಯಾಡಿಸಿ, ಅಕ್ಕನ ಕಡೆ ನೋಡಿ, “ಅಯ್ಯೋ ಪಾಪ” ಎನ್ನುವರು. ಒಂದು ಸಲ ಮೇಡಂ ಇದ್ದಾಗಲೇ ಇದು ನಡೆಯಿತು. ಅವರು ಅಜ್ಜಿಯ ಕೈಯಿಂದ ಫಿಲ್ಮ್ ತೆಗೆದುಕೊಂಡು ತಾವೂ ಸ್ವಲ್ಪ ಹೊತ್ತು ಬೆಳಕಿಗೆ ಹಿಡಿದು ನೋಡಿ, ಕವರಿಗೆ ಹಾಕಿ, ತಾವೇ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು. “ಫೋಟೋ ನಡ್ಯಲ್ಲ ಅಜ್ಜಿ. ಮಗು ನಡ್ಯತ್ತೆ. ಇನ್ಮೇಲೆ ಯಾರಾದ್ರೂ ಬಂದ್ರೆ ಮಗೂನ ತೋರ್ಸಿ.”

ನನ್ನ ಬಗ್ಗೆ ಯಾರೂ ಏನನ್ನೂ ಬೆಳಕಿಗೆ ಹಿಡಿಯುತ್ತಿರಲಿಲ್ಲ. ನನ್ನ ಫಿಲ್ಮ್ ಸ್ವಚ್ಛ. ನಾನು ಓಡುತ್ತಿದ್ದೆ, ಮರ ಹತ್ತುತ್ತಿದ್ದೆ, ಯಾರ ಗಮನವೂ ಇಲ್ಲದೆ ತಾನಾಗಿ ಬೆಳೆಯುತ್ತಿದ್ದೆ. ಬುಧವಾರ ಬಂದರೆ ಅಕ್ಕನಿಗೆ ತಲೆ ಬಾಚಿ, ಹೂ ಮುಡಿಸಿ ಚಾಪೆಯ ಮೇಲೆ ಕೂರಿಸುವರು. ನನಗೆ, “ಆ ಕಡೆ ಓಗಿ ಆಡ್ಕೋ.” ಓಡುವ ಕಾಲಿಗೆ ಅದೇ ಬೆಲೆ ಎಂದು ನಾಲ್ಕು ವರ್ಷಕ್ಕೇ ನನಗೆ ಅರ್ಥವಾಗಿತ್ತು.

ಹಾಗಾಗಿ ಒಂದು ಶನಿವಾರ ನಾನೂ ಕುಂಟಿದೆ. ನಾಲ್ಕೂವರೆ ವರ್ಷವಿದ್ದಿರಬೇಕು. ಮೇಡಂ ಬರುವ ಹೊತ್ತಿಗೆ ಬಾಗಿಲಿಂದ ಚಾಪೆಯವರೆಗೆ ಕುಂಟಿಕೊಂಡು ಹೋಗಿ, ಅಕ್ಕನ ಪಕ್ಕ ಮಲಗಿ, ಕಾಲು ಚಾಚಿದೆ.

ಅವರು ನನ್ನನ್ನೇ ನೋಡಿದರು. ಆ ನೋಟ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ನಾನು ನಿರೀಕ್ಷಿಸಿದ್ದ ನಗು ಅದರಲ್ಲಿರಲಿಲ್ಲ. ಚೀಲ ಕೆಳಗಿಡುವುದನ್ನೂ ಮರೆತಿದ್ದರು.

“ಯಾವಾಗಿಂದ ಮಾ?”

“ಬೆಳಗ್ಗೆಯಿಂದ.”

“ಎದ್ದು ಇನ್ನೊಂದ್ಸಲ ನಡಿ.”

ನಡೆದೆ. ಗೋಡೆ ಮುಟ್ಟಿ ತಿರುಗಿ ಬಂದೆ. ಅವರ ಮುಖ ಸಡಿಲವಾಯಿತು.

“ಹೋಗುವಾಗ ಬಲಗಾಲು, ಬರುವಾಗ ಎಡಗಾಲು. ಕುಂಟೋರು ಕಾಲ್ ಬದಲಾಯ್ಸಲ್ಲ ಕಣ್ಣು. ಆ್ಯಕ್ಟಿಂಗ್ ಸಾಲ್ದು.” ಅಕ್ಕ ಕಿಲಕಿಲ ನಕ್ಕಳು. “ಸುಳ್ಳು ಹೇಳಿದ್ದಕ್ಕೆ ಈಗ ಒಂದೊಂದು ಕಾಲಲ್ಲೂ ಎಂಟೆಂಟು ಸಲ ಕುಪ್ಪಳಿಸು. ನಾನ್ ಎಣಿಸ್ತೀನಿ.”

ಶಿಕ್ಷೆಯೇ ಆದರೂ ಅವರು ಎಣಿಸಿದ್ದು ನನ್ನ ಕಾಲನ್ನು. ಆ ಖುಷಿಗೆ ಮುಂದಿನ ಬುಧವಾರ ಇನ್ನೊಂದು ಸುಳ್ಳು ಹೇಳಿದೆ. ಆ ದಿನ ಮಣಿ ಪೋಣಿಸಲು ಕೊಟ್ಟರು. ಇನ್ನೊಂದು ದಿನ ಬಳಪ ಕೊಟ್ಟು ಸೊನ್ನೆ, ಚೌಕ ಬರೆಯಿಸಿದರು. ಕಥೆ ಹೇಳಿ, “ಈಗ ನೀನ್ ಹೇಳು, ಮೊದಲಿಂದ” ಎಂದರು. ಎಲ್ಲ ಎರಡೆರಡು ನಿಮಿಷ. ಮತ್ತೆ ಅಕ್ಕನ ಕಡೆ ತಿರುಗಿಬಿಡುವರು. ಅಕ್ಕನಿಗೆ ಪೂರ್ತಿ ಒಂದು ಗಂಟೆ. ಸಮಯದ ಈ ಹಂಚಿಕೆಯನ್ನು ನಾನು ಅಂದಿನಿಂದಲೇ ಪ್ರಶ್ನಿಸುತ್ತಾ ಬಂದಿದ್ದೇನೆ.

ಐದು ವರ್ಷವಾದಾಗ ಒಂದು ಪವಾಡ ನಡೆಯಿತು. ಅಕ್ಕನನ್ನು ದೊಡ್ಡ ಡಾಕ್ಟರಿಗೆ ತೋರಿಸಲು ಹೊರಟಾಗ ಮೇಡಂ, “ಇವ್ಳೂ ಬರ್ಲಿ, ದೊಡ್ಡವ್ಳಿಗೆ ಜೊತೆ ಆಗ್ತಾಳೆ” ಎಂದರು. ರೈಲಿನ ಕಿಟಕಿಯ ಪಕ್ಕ ಕೂರಿಸಿದರು. ಅಲ್ಲಿ ಡಾಕ್ಟರಮ್ಮ ಅಕ್ಕನನ್ನು ನೋಡಿದ ಮೇಲೆ ನನ್ನನ್ನೂ ಕುಣಿಸಿ, ಚಿತ್ರ ಬರೆಸಿ, ಒಗಟು ಕೇಳಿ, ಬಿಸ್ಕತ್ತು ಕೊಟ್ಟರು. ಮೇಡಂ ಗೋಡೆಗೊರಗಿ ನಿಂತಿದ್ದರು. ಅಕ್ಕನ ಮೇಲೆ ನಾನು ಗೆದ್ದ ಏಕೈಕ ದಿನ ಅದು ಎಂದು ಒಂದು ವರ್ಷ ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ನಾನು ಶಾಲೆಗೆ ಸೇರಿದ ಮೇಲೆ ನಮ್ಮಿಬ್ಬರ ನಡುವೆ ಒಂದು ಆಟ ಶುರುವಾಯಿತು. ಅಕ್ಕನ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡೇ, ನನ್ನ ಕಡೆ ನೋಡದೆ, ಏನಾದರೂ ಕೇಳುವರು. ಹಸುವಿಗೆ ಮೂಗುದಾರ ಹಾಕೋದು ಸರಿನಾ? ನಾನು ತಪ್ಪು ಎಂದು ಕಾರಣ ಕೊಡುತ್ತಾ ಹೋಗುವೆ. ಪೂರ್ತಿ ಕೇಳಿ, “ಚೆನ್ನಾಗಿದೆ. ಈಗ ಉಲ್ಟಾ ಹೇಳು” ಎನ್ನುವರು. ಉಲ್ಟಾ ಹೇಳುವೆ. “ಎರಡ್ರಲ್ಲಿ ಯಾವ್ದು ನಿಜ?” ಎಂದು ಕೇಳಿದರೆ ನಾನು ತಬ್ಬಿಬ್ಬು. “ಗೊತ್ತಿಲ್ದೇ ಇದ್ರೆ ಹೋಗಿ ಹಸೂನ ನೋಡ್ಕೊಂಡ್ ಬಾ.” ನಿಜವಾಗಿ ಕಳಿಸುವರು. ಕೊಟ್ಟಿಗೆಯಲ್ಲಿ ಹಸುವಿನ ಮೂಗು ನೋಡಿಕೊಂಡು ವಾಪಸ್ ಬರುವಷ್ಟರಲ್ಲಿ ಅವರು ಹೊರಟಿರುತ್ತಿದ್ದರು. ಅಕ್ಕನ ವ್ಯಾಯಾಮಕ್ಕೆ ನಾನು ಅಡ್ಡ ಬರದಿರಲೆಂದು ಹೂಡಿದ ಉಪಾಯ ಎಂದೇ ನಾನು ತಿಳಿದಿದ್ದೆ.

ಒಂಬತ್ತನೆಯ ತರಗತಿಯಲ್ಲಿ ನನಗೆ ತಾಲ್ಲೂಕು ಮಟ್ಟದ ಚರ್ಚೆಯಲ್ಲಿ ಮೊದಲ ಬಹುಮಾನ ಬಂತು. ಬುಧವಾರ. ಬಂಗಾರಪೇಟೆಯಿಂದ ಕಪ್ ಹಿಡಿದು ಗೇಟಿನಿಂದ ಓಡಿಕೊಂಡೇ ಬಂದೆ. ಮನೆಯ ಮುಂದೆ ಜನ. ಅವತ್ತೇ ಅಕ್ಕ ಯಾವ ಆಸರೆಯೂ ಇಲ್ಲದೆ ಮನೆಯಿಂದ ಡೈರಿಯವರೆಗೆ ನಡೆದಿದ್ದಳು. ಅಮ್ಮ ಅಳುತ್ತಿದ್ದಳು, ಡೈರಿ ಸೆಕ್ರೆಟರಿ ಚಕ್ಕುಲಿ ಹಂಚುತ್ತಿದ್ದರು, ಮೇಡಂ ಸೀರೆಯ ಸೆರಗಿನಿಂದ ಅಕ್ಕನ ಕತ್ತಿನ ಬೆವರು ಒರೆಸುತ್ತಿದ್ದರು. ನಾನು ಕಪ್ಪನ್ನು ಅವರ ಮುಖದ ಮುಂದೆ ಹಿಡಿದೆ.

“ನೋಡ್ದೆ ಮಾ. ಅಲ್ಲಿಡು.”

ಅಲ್ಲಿಡು! ನಾನು ಇಡಲಿಲ್ಲ, ಎಸೆದೆ. “ನಾನೂ ಇವ್ಳಂಗೇ ತಲೇಲಿ ರಕ್ತ ಇಟ್ಕೊಂಡ್ ಹುಟ್ಟಿದ್ರೆ ಚೆನ್ನಾಗಿತ್ತು. ಆವಾಗ ನೀವು ನನ್ನೂ ನೋಡ್ತಿದ್ರಿ.”

ಅಜ್ಜಿ, “ಲೇ, ಏನ್ ಮಾತೇ ಅದು, ನಾಲಿಗೆ ಸೀಳಾಕ್ತೀನಿ” ಎಂದು ಕೂಗಿದಳು. ಮೇಡಂ ಬಾಯಿ ತೆರೆದು, ಮತ್ತೆ ಮುಚ್ಚಿದರು. ಅವರು ಮಾತು ನುಂಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಉತ್ತರ ಕೊಟ್ಟದ್ದು ಅಕ್ಕ. ಬೆವರಿನಲ್ಲಿ, ನಡುಗುವ ಕಾಲಲ್ಲಿ ನಿಂತುಕೊಂಡೇ:

“ಬಾರೇ, ಬದ್ಲಾಯಿಸ್ಕೊಳ್ಳೋಣ. ನಿನ್ ಕಾಲ್ ಕೊಡು, ಮೇಡಮ್ನ ತಗೋ.”

ನನ್ನ ಕಪ್ಪಿನ ಒಂದು ಕಿವಿ ಮುರಿದಿತ್ತು.

ಪಿ.ಯು.ಸಿ. ಸೇರುವಷ್ಟರಲ್ಲಿ ಮೇಡಂ ಮನೆಗೆ ಬರುವುದು ನಿಂತಿತು. ಅಕ್ಕನೇ ಶನಿವಾರಗಳಂದು ರೈಲಿನಲ್ಲಿ ಉರಿಗಾಂಗೆ ಹೋಗಿಬರತೊಡಗಿದಳು, ವ್ಯಾಯಾಮಕ್ಕಲ್ಲ, ಹರಟೆಗೆ. ಅಮ್ಮನಿಗೂ ಹೇಳದ್ದನ್ನು ಅಲ್ಲಿ ಹೇಳುವಳು. ನನಗೆ ಆಹ್ವಾನವಿರಲಿಲ್ಲ, ಆಹ್ವಾನವಿಲ್ಲದೆ ಹೋಗುವ ಜಾತಿಯೂ ನನ್ನದಲ್ಲ.

ಹೋಗಬೇಕಾಗಿ ಬಂದದ್ದು ಕಳೆದ ವರ್ಷ. ಡಿಗ್ರಿಯ ಕೊನೆಯ ವರ್ಷದಲ್ಲಿ ಅಂತರಕಾಲೇಜು ಚರ್ಚೆಗೆ ಕೊಟ್ಟ ವಿಷಯ, ಯಂತ್ರಗಳು ಹೇಳುವ ಭವಿಷ್ಯವನ್ನು ನಂಬಬೇಕೆ ಎಂಬುದು. ನನ್ನದು ವಿರೋಧ. ವೇದಿಕೆಯ ಮೇಲೆ ಅಕ್ಕನ ಫಿಲ್ಮನ್ನು ಎತ್ತಿ ಹಿಡಿದು, ‘ಈ ಚಿತ್ರದವಳು ನಡೆಯುವುದಿಲ್ಲ ಅಂದರು, ನಡೆದಳು’ ಎನ್ನಬೇಕು, ಚಪ್ಪಾಳೆ ಖಂಡಿತ. ಪೆಟ್ಟಿಗೆಯಿಂದ ಎರಡೂ ಕವರು ತೆಗೆದೆ. ಅಲ್ಲಿಯವರೆಗೆ ಆ ಫಿಲ್ಮಿನ ಅಂಚಿನ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ನಮ್ಮ ಮನೆಯಲ್ಲಿ ಯಾರೂ ಓದಿರಲಿಲ್ಲ, ನಾನೂ ಓದಿರಲಿಲ್ಲ. ಅಮ್ಮನ ಹೆಸರು. ಅವಳಿ ಒಂದು. ಹುಟ್ಟಿದ ಸಮಯ. ಇನ್ನೊಂದರಲ್ಲಿ ಅಮ್ಮನ ಹೆಸರು, ಅವಳಿ ಎರಡು, ಹನ್ನೆರಡು ನಿಮಿಷ ತಡ. ರಕ್ತದ ಬಿಳಿ ಕಲೆ ಇದ್ದದ್ದು ‘ಅವಳಿ ಒಂದು’ ಎಂದಿದ್ದ ಫಿಲ್ಮಿನಲ್ಲಿ.

“ಅಮ್ಮ, ನಮ್ಮಿಬ್ರಲ್ಲಿ ಮೊದ್ಲು ಈಚೆ ಬಂದಿದ್ಯಾರು?”

ಹಾಲು ಸೋಸುತ್ತಿದ್ದ ಅಮ್ಮ ತಲೆಯೆತ್ತಲಿಲ್ಲ. “ನೀನೇ. ಅರಚ್ಕೊಂಡು ಬಂದೆ. ಅವ್ಳು ಆಮೇಕೆ, ಮೆತ್ತಗೆ.”

“ಮತ್ತೆ ಅವ್ಳು ಹೆಂಗೆ ಅಕ್ಕ ಆದ್ಲು?”

ಇದಕ್ಕೆ ಉತ್ತರ ಕೊಟ್ಟದ್ದು ಒಳಗಿನಿಂದ ಅಜ್ಜಿ. “ಕಾಲೇಜಿಗೆ ಓಗಿ ಇಷ್ಟೂ ತಿಳ್ಯಾಕಿಲ್ವೇನೇ? ಮೂಟೆಗೆ ಮೊದ್ಲು ಆಕಿದ್ದು ತಳದಾಗಿರ್ತದೆ, ಕೊನೆಗೆ ಈಚೆಗ್ ಬತ್ತದೆ. ಒಟ್ಟೆಯೊಳ್ಗೂ ಅಂಗೇ. ಆಮೇಲ್ ಬಂದೋಳೇ ದೊಡ್ಡೋಳು. ನಮ್ ಕಡೆ ಎಲ್ಲಾ ಅವಳಿಗೂ ಅಂಗೇ.”

ಅಜ್ಜಿಯ ವಾದದ ಆಕಾರ ಚೆನ್ನಾಗಿದೆ, ವಿಷಯ ತಪ್ಪು. ಆದರೆ ನಮ್ಮ ಕಡೆ ಅವಳಿಗಳನ್ನು ಕರೆಯುವುದು ಹಾಗೇ. ಡಾಕ್ಟರು ಹೇಳಿದ್ದು ‘ಮೊದಲನೆಯ ಮಗು’. ಅಪ್ಪ ಕೇಳಿಸಿಕೊಂಡದ್ದು ‘ದೊಡ್ಡದು’. ನಮ್ಮ ಮನೆಯಲ್ಲಿ ದೊಡ್ಡವಳು ಎರಡನೆಯವಳು. ಆಸ್ಪತ್ರೆಯವರದು ಏನೂ ತಪ್ಪಿಲ್ಲ.

ರಕ್ತದ ಕಲೆಯಿದ್ದ ಮೆದುಳು ನನ್ನದು.

ಮಾರನೆಯ ದಿನ ಮಧ್ಯಾಹ್ನದ ರೈಲಿಗೆ ಉರಿಗಾಂಗೆ ಹೋದೆ. ಲೈನ್ ಮನೆಯ ಮುಂದಿನ ಕಟ್ಟೆಯ ಮೇಲೆ ಮೇಡಂ ಕಾಲು ನೀಡಿಕೊಂಡು ಕೂತಿದ್ದರು. ಕಿಡ್ನಿ ಕೈಕೊಟ್ಟಿತ್ತು, ಪಾದಗಳು ಊದಿ ಹೊಳೆಯುತ್ತಿದ್ದವು. ನಾನು ಕುಶಲ ವಿಚಾರಿಸಲಿಲ್ಲ. ಫಿಲ್ಮನ್ನು ಅವರ ಮಡಿಲಿಗೆ ಹಾಕಿದೆ.

“ನಿಮಗೆ ಗೊತ್ತಿತ್ತು.”

ಅವರು ಅದನ್ನು ಎತ್ತಿಯೂ ನೋಡಲಿಲ್ಲ. “ಗೊತ್ತಿತ್ತು ಮಾ. ಕೂತ್ಕೋ.”

“ಯಾವಾಗಿಂದ?”

“ನಿಮ್ಮಜ್ಜಿ ಒಂದಿನ ನೆಂಟರಿಗೆ ತೋರ್ಸ್ತಾ ಇದ್ರಲ್ಲ, ಆವತ್ತು ಓದ್ದೆ. ನಿಂಗೆ ಮೂರು ವರ್ಷ. ಆಮೇಲೆ ನಿಮ್ಮಮ್ಮನ್ನ ಯಾರ್ ಮೊದ್ಲು ಬಂದಿದ್ದು ಅಂತ ಕೇಳ್ದೆ, ಸುಮ್ನೆ ಮಾತಿಗೆ ಕೇಳೋ ಹಾಗೆ.”

“ಹೇಳ್ಲಿಲ್ಲ ಯಾಕೆ? ಅದು ನನ್ನ ತಲೆ. ನನ್ನ ತಲೆ ವಿಷಯ ನಂಗೆ ಹೇಳದೆ ಇರೋಕೆ ನಿಮಗೇನು ಅಧಿಕಾರ?”

“ಅಧಿಕಾರ ಇರ್ಲಿಲ್ಲ.” ಸ್ವಲ್ಪ ಉಸಿರು ತೆಗೆದುಕೊಂಡರು. “ಹೇಳಿದ್ರೆ ನಿಮ್ಮಜ್ಜಿ ನಿನ್ನ ಮರ ಹತ್ತೋಕೆ ಬಿಡ್ತಿದ್ರಾ? ಬರೋ ನೆಂಟ್ರಿಗೆಲ್ಲಾ ನಿನ್ ಕಡೆ ಕೈ ತೋರಿಸ್ತಿದ್ರು. ಓಡೋ ಮಗೂನ ನಿಲ್ಸಿ ಫೋಟೋ ತೋರ್ಸೋದಾ?”

“ಮತ್ತೆ ಅಕ್ಕನ ಚಿತ್ರ ಸ್ವಚ್ಛವಾಗಿದೆ. ಅವಳ ಕಾಲು?”

“ಅದು ನಾಲ್ಕನೇ ದಿನದ ಚಿತ್ರ. ಆಮೇಲೆ ಆಗಿದ್ದು ಅದ್ರಲ್ಲಿ ಹೆಂಗೆ ಬರತ್ತೆ? ಕೆಲವು ಪೆಟ್ಟು ವಾರಗಟ್ಲೆ ಆದ್ಮೇಲೆ ಕಾಣೋದು. ಇನ್ ಕೆಲವು ಆ ಮಿಷಿನ್‌ಗೆ ಕಾಣೋದೇ ಇಲ್ಲ. ನಿನ್ನದು ಸಣ್ಣ ರಕ್ತ, ಇಂಗೋಯ್ತು. ಎಲ್ಲಾರ್ಗೂ ಇಂಗಲ್ಲ, ನಿಂಗೆ ಇಂಗ್ತು.”

ನಾನು ಬಿಡಲಿಲ್ಲ. “ಆಸ್ಪತ್ರೆಯವರೇ ಚೀಟಿ ಅದಲು ಬದಲು ಅಂಟಿಸಿರಬಹುದಲ್ಲ? ಅದನ್ನ ಹೇಗೆ ನಂಬಿದ್ರಿ?”

ಅವರು ನಕ್ಕರು, ಆ ಊದಿದ ಮುಖದಲ್ಲೂ ಹಳೆಯ ನಗುವೇ. “ಇರ್ಬೋದು. ಯಾವ್ದು ಯಾರ್ದು ಅಂತ ನಂಗೆ ನೂರಕ್ಕೆ ನೂರು ಗೊತ್ತಿರ್ಲಿಲ್ಲ. ಅದಕ್ಕೇ ಇಬ್ರನ್ನೂ ನೋಡ್ದೆ. ಅನುಮಾನ ಬಂದ್ರೆ ವಾದ ಮಾಡ್ಕೊಂಡು ಕೂರ್ಬಾರ್ದು ಕಣ್ಣು, ಹೋಗಿ ನೋಡ್ಬೇಕು.”

ಕುಪ್ಪಳಿಸಿದ್ದು, ಮಣಿ, ಸೊನ್ನೆ, ಕಥೆ, ರೈಲಿನ ಕಿಟಕಿ, ಬಿಸ್ಕತ್ತು. ಎಲ್ಲ ಒಂದರ ಹಿಂದೊಂದು ಬಂದು ನನ್ನ ಮುಂದೆ ಸಾಲಾಗಿ ನಿಂತವು. ನಾನು ಗೆದ್ದೆನೆಂದುಕೊಂಡಿದ್ದ ಎರಡೆರಡು ನಿಮಿಷಗಳು.

“ಅಂದ್ರೆ ಅದೆಲ್ಲಾ ಪರೀಕ್ಷೆ.”

“ಪರೀಕ್ಷೆನೇ.”

ಓದುಗರು ಇಲ್ಲಿ ನಾನು ಕರಗಿಹೋದೆ ಎಂದು ನಿರೀಕ್ಷಿಸಬಹುದು. ಇಲ್ಲ. ಹೊಟ್ಟೆಕಿಚ್ಚು ಇನ್ನೂ ಜೋರಾಯಿತು. ಅಕ್ಕನ ಫಿಲ್ಮ್ ಖಾಲಿ. ಅವಳ ಹತ್ತಿರ ಅವರು ಬಂದದ್ದು ಅವಳಿಗಾಗಿ. ನನ್ನನ್ನು ನೋಡಿದ್ದು ಒಂದು ಕಲೆಗಾಗಿ. ಅವಳಿಗೆ ಸ್ನೇಹ, ನನಗೆ ತಪಾಸಣೆ. ಇಷ್ಟನ್ನೂ ಅವರ ಮುಖಕ್ಕೇ ಹೇಳಿದೆ, ಮೊದಲ ಅಂಶ, ಎರಡನೆಯ ಅಂಶ ಎಂದು ಬಿಡಿಸಿ.

ಅವರು ಪೂರ್ತಿ ಕೇಳಿದರು. ಆಮೇಲೆ ಒಳಗಿದ್ದ ತಂಗಿಯ ಮಗಳನ್ನು ಕರೆದು, ಒಂದು ಹಳೆಯ ನೋಟ್‌ಬುಕ್ ತರಿಸಿದರು. ಅಕ್ಕನ ಒಂದೊಂದು ದಿನದ ವ್ಯಾಯಾಮವನ್ನೂ ಅದರಲ್ಲಿ ಬರೆದಿಟ್ಟಿದ್ದರು. ಪ್ರತಿ ಪುಟದ ಕೆಳಗೆ ಒಂದು ಗೆರೆ ಎಳೆದು ಒಂದು ಸಾಲು. ಎಲ್ಲ ತಮಿಳಿನಲ್ಲಿ. ನನಗೆ ತಮಿಳು ಮಾತು ಬರುತ್ತದೆ, ಓದಲು ಬರುವುದಿಲ್ಲ. ಬಾಗಿದ ಹೆಬ್ಬೆರಳನ್ನು ಗೆರೆಯ ಕೆಳಗಿಟ್ಟು ಓದಿ ಹೇಳಿದರು: “ಜೊತೆ ಮಗು: ಎರಡು ಕಾಲಲ್ಲೂ ಎಂಟು ಸಲ, ಸರಿಯಾಗಿದೆ. ಜೊತೆ ಮಗು: ಕಥೆ ಪೂರ್ತಿ ಹೇಳಿತು, ಕೊನೆ ಬದಲಾಯಿಸಿತು.” ಹಾಗೇ ಪುಟ ಮಗುಚುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದರು. “ಇದು ನಿಂಗೆ ಐದು ವರ್ಷ ಆದಾಗ. ಡಾಕ್ಟರಮ್ಮ ನೋಡಿದ್ ದಿನ. ‘ಜೊತೆ ಮಗು: ಇನ್ನು ಬರೆಯೋದು ಬೇಕಿಲ್ಲ.’ ಇದಾದ್ಮೇಲೆ ನೋಡು, ಗೆರೆ ಕೆಳ್ಗೆ ಏನೂ ಇಲ್ಲ.”

“ಮತ್ತೆ ಹಸು, ಮೂಗುದಾರ, ಉಲ್ಟಾ ಹೇಳು ಅಂತಿದ್ದು? ಅದು ಆಮೇಲೆ. ಒಂಬತ್ತು ಹತ್ತು ವರ್ಷ ಕೇಳಿದ್ರಿ.”

“ಅದೆಲ್ಲಾ ಸುಮ್ನೆ ಮಾ.”

“ಸುಮ್ನೆ ಅಂದ್ರೆ?”

“ಸುಮ್ನೆ ಅಂದ್ರೆ ಸುಮ್ನೆ. ಕಾರಣ ಇರ್ಲಿಲ್ಲ.” ನೋಟ್‌ಬುಕ್ ಮುಚ್ಚಿದರು. “ನಂಬ್ದೇ ಇದ್ರೆ ತಗೊಂಡೋಗಿ ಯಾರ ಹತ್ರ ಆದ್ರೂ ಓದಿಸ್ಕೋ.”

ಬಂಗಾರಪೇಟೆಯಲ್ಲಿ ತಮಿಳು ಓದುವವರಿಗೇನೂ ಬರವಿಲ್ಲ. ನಾನು ತೆಗೆದುಕೊಂಡು ಹೋಗಲಿಲ್ಲ. ಸಾಕ್ಷ್ಯವನ್ನು ಪರಿಶೀಲಿಸದೆ ಒಪ್ಪಿಕೊಂಡದ್ದು ನನ್ನ ಬದುಕಿನಲ್ಲಿ ಅದೇ ಮೊದಲು.

ಆ ಸಂಜೆ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. “ಅಂದ್ರೆ ನಿನ್ ಹೆಸರಿನ ಟ್ರೀಟ್‌ಮೆಂಟ್ ನಾನ್ ತಗೊಂಡೆ ಅನ್ನು. ಅಪ್ಪ ಸರಿಯಾಗಿ ಕೇಳಿಸ್ಕೊಂಡಿದ್ರೆ ನಿನ್ ಓಡೋ ಕಾಲನ್ನ ಎಳೀತಾ ಕೂತಿರೋರು. ನಾನು ಒಂದೂವರೆ ವರ್ಷ ಆದ್ರೂ ಯಾಕೆ ನಿಲ್ತಿಲ್ಲ ಅಂತ ಆಮೇಲೆ ನೋಡೋರು.” ನಗು ನಿಂತಿತು. “ಅಷ್ಟೊತ್ತಿಗೆ ನನ್ ಕಾಲು?”

ತರ್ಕಕ್ಕೆ ಕೂತರೆ ಇದನ್ನು ಸಾಬೀತು ಮಾಡಲಾಗದು. ಮೂರು ತಿಂಗಳಿಗೆ ಶುರುವಾಗದೆ ಎರಡು ವರ್ಷಕ್ಕೆ ಶುರುವಾಗಿದ್ದರೂ ಅಕ್ಕ ನಡೆಯುತ್ತಿದ್ದಳೋ ಏನೋ. ಹೋಲಿಸಿ ನೋಡಲು ಇನ್ನೊಬ್ಬಳು ಅಕ್ಕ ಇಲ್ಲ. ಆದರೆ ಅವಳು ನಡೆಯುತ್ತಾಳೆ. ಅಪ್ಪನ ತಪ್ಪಿನಿಂದ ಬಾಗಿಲು ತೆರೆಯಿತು, ಒಳಗೆ ಬಂದವರು ಬಾಗಿಲ ಹೊರಗೆ ಕೂತಿದ್ದವಳನ್ನೂ ನೋಡಿದರು. ಆ ಚರ್ಚೆಯಲ್ಲಿ ನಾನು ಫಿಲ್ಮ್ ಎತ್ತಿ ಹಿಡಿಯಲಿಲ್ಲ. ಯಂತ್ರ ಸುಳ್ಳು ಹೇಳಿತು ಎನ್ನುವಂತಿರಲಿಲ್ಲ, ನಿಜ ಹೇಳಿತು ಎನ್ನುವಂತೆಯೂ ಇರಲಿಲ್ಲ. ಸೋತೆ. ಇಂದು ಒಂದು ಮಾತು ಒಪ್ಪುವ ಮೊದಲು 'ಹೋಗಿ ನೋಡಿದೆಯಾ' ಎಂದು ನನ್ನನ್ನು ನಾನೇ ಕೇಳಿಕೊಳ್ಳುತ್ತೇನಲ್ಲ, ಅದು ಯಾವ ಚರ್ಚಾ ತರಬೇತಿ ಶಿಬಿರದಲ್ಲೂ ಕಲಿತದ್ದಲ್ಲ.

ಮೇಡಂ ಈ ಆಷಾಢದಲ್ಲಿ ಹೋಗಿಬಿಟ್ಟರು. ಸುದ್ದಿ ಬಂದದ್ದು ಅಕ್ಕನ ಫೋನಿಗೆ. ಇಬ್ಬರೂ ಹೋದೆವು. ಲೈನಿನ ಸಣ್ಣ ಓಣಿಯ ತುಂಬ ಜನ. ಪಕ್ಕದ ಕೋರಮಂಡಲ್ ಗಣಿ ಕಡೆಯವರು, ಬಂಗಾರಪೇಟೆ ಸುತ್ತಿನ ಹಳ್ಳಿಗಳವರು. ಒಬ್ಬೊಬ್ಬರದು ಒಂದೊಂದು ನಡಿಗೆ. ತುದಿಗಾಲಲ್ಲಿ ನಡೆಯುವ ಹುಡುಗ, ಒಂದು ಕೈ ಎದೆಗೆ ಮಡಿಸಿಕೊಂಡ ಹೆಂಗಸು, ಗಾಲಿಕುರ್ಚಿಯಲ್ಲಿ ಮೀಸೆ ಬಂದ ಯುವಕ. ಮೇಡಂ ತಂಗಿ ಅಕ್ಕನನ್ನು ನೋಡಿದ್ದೇ ತಬ್ಬಿಕೊಂಡು ಕರೆದುಕೊಂಡು ಹೋಗಿ, ದೇಹದ ತಲೆಯ ಬಳಿ ಕೂರಿಸಿದರು. ನಾನು ಓಣಿಯಲ್ಲೇ ನಿಂತೆ. ಎಲ್ಲರೂ ಅಳುತ್ತಿದ್ದರು, ಎಲ್ಲರೂ ‘ನಮ್ಮ ಮೇಡಂ’ ಎನ್ನುತ್ತಿದ್ದರು. ಅವರು ಇಷ್ಟೊಂದು ಜನರ ಸ್ವಂತದವರು ಎಂಬುದನ್ನು ನನ್ನಿಂದ ಸಹಿಸಲಾಗಲಿಲ್ಲ. ಅಕ್ಕನೊಬ್ಬಳ ಮೇಲೆ ಸಾಲದೆಂದು ಈಗ ಒಂದು ಓಣಿಯ ಮೇಲೆ ಹೊಟ್ಟೆಕಿಚ್ಚು.

ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು, ಕಂಕುಳಲ್ಲಿ ಊರುಗೋಲು, ನನ್ನ ಎರಡೂ ಕಾಲುಗಳನ್ನು ಮೇಲಿಂದ ಕೆಳಗೆ ನೋಡಿದರು. ನಮ್ಮವಳಲ್ಲ ಎನಿಸಿರಬೇಕು.

“ನೀನ್ ಯಾರ್ ಜೊತೆ ಬಂದಿದೀಯ ಮಾ?”

ಅಕ್ಕನ ಜೊತೆ ಎನ್ನಲು ಬಾಯಿ ತೆರೆದೆ. “ಯಾರ್ ಜೊತೇನೂ ಅಲ್ಲ. ನನ್ನೂ ಅವ್ರೇ ನೋಡಿದ್ದು.”

“ಹೌದಾ? ಗೊತ್ತೇ ಆಗಲ್ಲ ನೋಡು. ಯಾವ್ ಕಾಲು?”

“ಕಾಲಲ್ಲ,” ಎಂದೆ. “ತಲೆ.”

ಅವರು ಸರಿದು, ಊರುಗೋಲು ಆಚೆಗಿಟ್ಟುಕೊಂಡು, ನನಗೆ ಮುಂದೆ ಹೋಗಲು ಜಾಗ ಬಿಟ್ಟರು.